ಮಳೆಗಾಲದಲ್ಲಿ ಮನೆ ಸೋಪು ಬೇಗ ಕರಗುತ್ತಿದೆ, ಏನು ಮಾಡಲಿ?

ಕಾಫಿಹೂ: ಮಡಿಕೇರಿ ಹತ್ತಿರ ನಮ್ಮ ಮನೆ. ತೆಂಗಿನೆಣ್ಣೆ 500 ಗ್ರಾಂ, ಸೂರ್ಯಕಾಂತಿ ಎಣ್ಣೆ 300 ಗ್ರಾಂ, ಕಾಸ್ಟಿಕ್ ಸೋಡಾ 125 ಗ್ರಾಂ, ನೀರು 375 ಗ್ರಾಂ ಹಾಕಿ ಸೋಪು ಮಾಡಿದೆ. ತಿಂಗಳ ಮೇಲೆ ಒಣಗಿಸಿದ್ದೇನೆ. ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಗಟ್ಟಿ, ಆದರೆ ಬಚ್ಚಲಲ್ಲಿಟ್ಟರೆ ವಾರ ತುಂಬುವುದರೊಳಗೆ ಲೊಳಲೊಳ. ಮಳೆ ಹಿಡಿದ ಮೇಲೆ ಸೋಪಿನ ಮೈಯೆಲ್ಲ ನೀರಿನ ಹನಿ ಬೇರೆ. ಕಾಸ್ಟಿಕ್ ಕಮ್ಮಿ ಆಯ್ತಾ? ಉಪ್ಪು ಹಾಕಿದ್ರೆ ಸರಿಹೋಗುತ್ತಾ?

ಹಳೆಸೌಟು: ಅಕ್ಕ, ಕಾಸ್ಟಿಕ್ ಲೆಕ್ಕ ಸರಿಯಾಗೇ ಇದೆ. ಅಷ್ಟು ಎಣ್ಣೆಗೆ ಪೂರ್ತಿ ಬೇಕಾಗುವುದು ಸುಮಾರು 132 ಗ್ರಾಂ, ಅದರಲ್ಲಿ ನೂರಕ್ಕೆ ಐದು ಕಡಿಮೆ ಹಾಕಿದ್ದೀರಿ, ಸೋಪಿನಲ್ಲಿ ಕಾಸ್ಟಿಕ್ ಉಳಿಯದಿರಲು ಹಾಗೇ ಹಾಕಬೇಕು. ತೊಂದರೆ ಇರುವುದು ಎಣ್ಣೆಯಲ್ಲಿ. ಗಟ್ಟಿ ಇರುವುದು ಬೇರೆ, ಬಾಳಿಕೆ ಬರುವುದು ಬೇರೆ. ತೆಂಗಿನೆಣ್ಣೆ ಸೋಪು ಬೇಗ ಗಟ್ಟಿಯಾಗುತ್ತದೆ, ನೊರೆಯೂ ಚೆನ್ನಾಗಿ ಬರುತ್ತದೆ, ಆದರೆ ನೀರಲ್ಲಿ ಅಷ್ಟೇ ಬೇಗ ಕರಗುತ್ತದೆ (ಅದಕ್ಕೇ ಉಪ್ಪುನೀರಲ್ಲೂ ನೊರೆ ಬರುವುದು). ಸೂರ್ಯಕಾಂತಿ ಎಣ್ಣೆಯಂತೂ ಮೆತ್ತಗೆ ಮಾಡುತ್ತದೆ. ನಿಧಾನ ಕರಗಬೇಕು ಅಂದ್ರೆ ಪಾಮಿಟಿಕ್, ಸ್ಟಿಯರಿಕ್ ಆಮ್ಲ ಜಾಸ್ತಿ ಇರುವ ಕೊಬ್ಬು ಬೇಕು. ಕೊಡಗಲ್ಲಿ ಇದ್ದುಕೊಂಡು ಹಂದಿ ಕೊಬ್ಬು ಬಿಡೋದ್ಯಾಕೆ?

ಹೀಗೆ ಮಾಡಿ ನೋಡಿ: ಕಾಯಿಸಿ ಸೋಸಿದ ಹಂದಿ ಕೊಬ್ಬು 500, ತೆಂಗಿನೆಣ್ಣೆ 240, ಹರಳೆಣ್ಣೆ 60, ಕಾಸ್ಟಿಕ್ 115, ನೀರು 230, ಎಲ್ಲ ಗ್ರಾಂ. ನೀರು ಕಮ್ಮಿ ಇದ್ದಷ್ಟೂ ಬೇಗ ಒಣಗುತ್ತದೆ.

ಉಪ್ಪು ಹಾಕಿದರೆ ಅಚ್ಚಿನಿಂದ ಬೇಗ ತೆಗೆಯಬಹುದು, ಅಷ್ಟೇ.

ಕಾಫಿಹೂ: ಕೊಬ್ಬು ಪಕ್ಕದ ಮನೆಯಲ್ಲೇ ಸಿಗುತ್ತೆ ಅಣ್ಣ. ವಾಸನೆ ಬರಲ್ವಾ?

ಹಳೆಸೌಟು: ಸಣ್ಣಗೆ ಹೆಚ್ಚಿ, ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಸೋಸಿ. ಆಮೇಲೆ ಉಪ್ಪುನೀರು ಸೇರಿಸಿ ಇನ್ನೊಮ್ಮೆ ಕುದಿಸಿ ಆರಲು ಬಿಡಿ. ಕೊಬ್ಬು ಮೇಲೆ ಬಿಲ್ಲೆ ಕಟ್ಟುತ್ತದೆ. ಅದನ್ನೆತ್ತಿ ತಿರುಗಿಸಿದರೆ ಅಡಿಯಲ್ಲಿ ಕಂದು ಪದರ ಕಾಣುತ್ತದೆ, ಚಾಕುವಿನಿಂದ ಕೆರೆದುಬಿಡಿ. ವಾಸನೆ ಇನ್ನೂ ಇದ್ದರೆ ಮತ್ತೊಮ್ಮೆ ಕುದಿಸಿ.

ಕಲಸುವಾಗ ಕೊಬ್ಬೂ ಕಾಸ್ಟಿಕ್ ನೀರೂ ಸುಮಾರು 40 ಡಿಗ್ರಿ ಇರಲಿ. ನಮ್ಮ ಚಳಿಗೆ ಕೊಬ್ಬು ಸುಮ್ನೆ ತಣಿದು ದಪ್ಪವಾಗುತ್ತದೆ, ಸೋಪು ಆಯ್ತು ಅಂತ ಅಚ್ಚಿಗೆ ಸುರಿದರೆ ಮರುದಿನ ಪದರ ಪದರವಾಗಿ ಬೇರೆಯಾಗಿರುತ್ತದೆ.

ತೋಟದಮನೆ: ಕಾಸ್ಟಿಕ್ಕನ್ನೇ ನೀರಿಗೆ ಹಾಕಬೇಕು, ಅದರ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ, ಸ್ಟೀಲ್ ಆಗಬಹುದು. ಕೈಗವಸು, ಕನ್ನಡಕ ಇರಲಿ. ಪೊಟ್ಟಣ ಬಿಗಿಯಾಗಿ ಮುಚ್ಚಿಡಿ, ನಮ್ಮ ಹವೆಗೆ ತೇವ ಎಳೆದುಕೊಂಡು ಶಕ್ತಿ ಕಳೆದುಕೊಳ್ಳುತ್ತದೆ.

ನಮ್ಮ ಮನೇಲಿ ಕೊಬ್ಬು ನಡೆಯಲ್ಲ, ಮುರುಗಲ ತುಪ್ಪ (ಕೋಕಂ ಬೀಜದ ಗಟ್ಟಿ ಎಣ್ಣೆ) ಹಾಕ್ತೇವೆ. ಸ್ಟಿಯರಿಕ್ ತುಂಬಾ ಇದೆ. ದುಬಾರಿ, ಅದಕ್ಕೆ ಸ್ವಲ್ಪವೇ. ಕಾಸ್ಟಿಕ್ ಮಾತ್ರ ಹೊಸದಾಗಿ ಲೆಕ್ಕ ಹಾಕಬೇಕು.

ಕಾಫಿಹೂ: ಆ ನೀರಿನ ಹನಿ? ಹಳೇ ಸೋಪು ಬಿಸಾಕಲಾ?

ಹಳೆಸೌಟು: ಅಯ್ಯೋ ಬೇಡ. ಸೋಪಿನೊಳಗೆ ಗ್ಲಿಸರಿನ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ತಿಂಗಳ ಲೆಕ್ಕ ನಂಬಬೇಡಿ. ಅಡುಗೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಒಂದೇ ಬಿಲ್ಲೆಯನ್ನು ತೂಗಿ, ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ. ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆ ವಾಸನೆ ಹಿಡಿಯುತ್ತದೆ. ಕೋಣೆ ಮುಚ್ಚಿ ಫ್ಯಾನ್ ಹಾಕಿ. ಈಗಿರುವುದನ್ನು ಅಡಿಯಲ್ಲಿ ತೂತಿರುವ ಸೋಪು ಡಬ್ಬಿಯಲ್ಲಿಟ್ಟು ಕೈ ತೊಳೆಯಲಿಕ್ಕೆ ಬಳಸಿ.