ಹಳೆ ಸೆಸ್ನಾ 172: ಕಡಿಮೆ ಗಂಟೆ ಓಡಿದ್ದು ತಗೊಳ್ಳೋದಾ, ಹೆಚ್ಚು ಓಡಿದ್ದಾ?

ಅಡಿಕೆಮಂಡಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಪಿಪಿಎಲ್, ಅಂದ್ರೆ ಖಾಸಗಿ ಪೈಲಟ್ ಲೈಸೆನ್ಸ್ ಇದೆ. ನಾನೂ ನನ್ನ ಪಾಲುದಾರರೂ ಸೇರಿ ಸ್ವಂತ ಬಳಕೆಗೆ ಒಂದು ಹಳೆ ಸಿಂಗಲ್ ಇಂಜಿನ್ ವಿಮಾನ ನೋಡ್ತಾ ಇದ್ದೀವಿ. ಎರಡು ಕಣ್ಣಿಗೆ ಬಿದ್ದಿವೆ, ಎರಡೂ ವಿಟಿ ನೋಂದಣಿಯವೇ, ಅಂದ್ರೆ ಭಾರತದಲ್ಲೇ ನೋಂದಣಿಯಾದವು.

ಒಂದು 1979ರ ಸೆಸ್ನಾ 172ಎನ್. ಏರ್‌ಫ್ರೇಮ್ (ವಿಮಾನದ ಮೈ) 6,400 ಗಂಟೆ. ಇಂಜಿನ್ 2014ರಲ್ಲಿ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮತ್ತೆ ಕಟ್ಟೋದು) ಆಗಿದೆ, ಅಲ್ಲಿಂದ ಓಡಿರೋದು 410 ಗಂಟೆ ಅಷ್ಟೇ. ಕರಾವಳಿ ಕಡೆ ಹ್ಯಾಂಗರ್‌ನಲ್ಲಿದೆ. ಪೇಂಟ್ ಹೊಸದು, ಸೀಟಿನ ಬಟ್ಟೆ ಹೊಸದು.

ಇನ್ನೊಂದು 1982ರ 172ಪಿ, ತರಬೇತಿ ಶಾಲೆಯದು. ಏರ್‌ಫ್ರೇಮ್ 9,800 ಗಂಟೆ, ಇಂಜಿನ್ 2020ರ ಓವರ್‌ಹಾಲ್ ನಂತರ 1,350 ಗಂಟೆ. ನೋಡೋಕೆ ಬಡಕಲು. ರೇಟು ಮೊದಲನೆಯದಕ್ಕಿಂತ ಸ್ವಲ್ಪ ಕಡಿಮೆ.

410 ಗಂಟೆ ಅಂದ ಮೇಲೆ ಮೊದಲನೆಯದೇ ಸರಿ ಅಂತ ಪಾಲುದಾರರು. ನಿಮ್ಮ ಅಭಿಪ್ರಾಯ ಏನು? ಅಡ್ವಾನ್ಸ್ ಕೊಡೋ ಮುಂಚೆ ಏನೇನು ಬಿಚ್ಚಿಸಿ ನೋಡಬೇಕು? ಅಮೆರಿಕದಲ್ಲಿ ಇವೇ ವಿಮಾನ ಅಗ್ಗಕ್ಕೆ ಸಿಗುತ್ತಂತೆ, ತರಿಸಬಹುದಾ? ಜಗಳೂರು ಹತ್ರ ನಮ್ಮದು ಇಪ್ಪತ್ತು ಎಕರೆ ಹೊಲ ಇದೆ, ಅಲ್ಲೇ ಸ್ಟ್ರಿಪ್ ಮಾಡ್ಕೊಂಡ್ರೆ ಹೆಂಗೆ?

ಹ್ಯಾಂಗರ್‌ಮೂಲೆ

410ಕ್ಕೆ ಮರುಳಾಗಬೇಡ್ರಿ. 2014ರಿಂದ ಭಾಗಿಸಿ ನೋಡಿದ್ರೆ ವರ್ಷಕ್ಕೆ ನಲವತ್ತು ಗಂಟೆಯೂ ಹಾರಿಲ್ಲ, ಅದೂ ಉಪ್ಪುಗಾಳಿಯಲ್ಲಿ ನಿಂತಿದ್ದು. ಎರಡರಲ್ಲೂ ಇರೋ ಓ-320 ಇಂಜಿನ್‌ಗೆ ಅದನ್ನ ಮಾಡೋ ಲೈಕಮಿಂಗ್ ಕಂಪನಿ ಹೇಳೋ ಓವರ್‌ಹಾಲ್ ಗಡುವು 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಗಂಟೆಯಲ್ಲಿ 1,590 ಬಾಕಿ ಇದ್ರೂ ಕ್ಯಾಲೆಂಡರ್ ಪ್ರಕಾರ 2026ಕ್ಕೆ ಮುಗೀತು. ಮಾರೋರು ಗಂಟೆ ದೊಡ್ಡದಾಗಿ ಹೇಳ್ತಾರೆ, ವರ್ಷ ಬಾಯಿಬಿಡಲ್ಲ.

ನಿಂತ ಲೈಕಮಿಂಗ್ ಯಾಕೆ ಕೆಡುತ್ತೆ ಅಂದ್ರೆ ಅದರ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನ ಏಳಿಸೋ ಉಬ್ಬುಗಳಿರೋ ದಂಡ) ಇರೋದು ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ. ವಿಮಾನ ನಿಂತ ಮೇಲೆ ಆಯಿಲ್ ಕೆಳಗೆ ಇಳಿದು ಕ್ಯಾಮ್ ಒಣಗುತ್ತೆ, ಒಳಗಿನ ನೀರಾವಿ ಅದರ ಮೇಲೆ ಕೂರುತ್ತೆ, ತುಕ್ಕು ಹಿಡಿಯುತ್ತೆ. ಮುಂದೆ ಯಾವಾಗಲೋ ಹಾರಿಸಿದಾಗ ಆ ತುಕ್ಕಿನ ಗುಂಡಿಗಳು ಲಿಫ್ಟರ್ (ಕ್ಯಾಮ್ ಉಬ್ಬಿಗೆ ತಾಗಿ ವಾಲ್ವ್ ತಳ್ಳೋ ತುಂಡು) ಮುಖವನ್ನ ಉಜ್ಜಿ ತಿಂತವೆ. ಕಬ್ಬಿಣದ ಪುಡಿ ಆಯಿಲ್ ಜೊತೆ ಎಲ್ಲ ಬೇರಿಂಗ್‌ಗೂ ಹೋಗುತ್ತೆ. "ಹಾರಿಸದಿದ್ರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡ್ತಿದ್ವಿ" ಅಂದ್ರೆ ಅದು ಇನ್ನೂ ಕೆಟ್ಟದ್ದು. ನೆಲದ ಮೇಲೆ ಹತ್ತು ನಿಮಿಷ ಓಡಿಸಿದ್ರೆ ಹೊಸ ನೀರಾವಿ ಸೇರುತ್ತೆ, ಅದನ್ನ ಓಡಿಸುವಷ್ಟು ಆಯಿಲ್ ಕಾಯಲ್ಲ. ಆಯಿಲ್ 80 ಡಿಗ್ರಿ ಸೆಲ್ಸಿಯಸ್ ದಾಟಿ ಅರ್ಧ ಗಂಟೆಯಾದರೂ ಗಾಳಿಯಲ್ಲಿ ಇರಬೇಕು.

172ಎನ್‌ಗೆ ಇನ್ನೊಂದು ಸಮಸ್ಯೆ. ಅದರಲ್ಲಿ ಇರೋದು ಓ-320-ಎಚ್2ಎಡಿ. ಕ್ಯಾಮ್, ಲಿಫ್ಟರ್ ತಿನ್ನೋದಕ್ಕೆ ಹೆಸರಾದ ಇಂಜಿನ್. ಅದಕ್ಕೇ ಲೈಕಮಿಂಗ್‌ನವರು ಎಲ್‌ಡಬ್ಲ್ಯು-16702 ಅನ್ನೋ ಅಡಿಟಿವ್ ಹಾಕಿಸ್ತಾರೆ. ಲಾಗ್‌ಬುಕ್‌ನಲ್ಲಿ ಪ್ರತಿ ಆಯಿಲ್ ಚೇಂಜ್ ಎದುರಿಗೆ ಅದು ಬರೆದಿದೆಯಾ ನೋಡಿ. ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡೋ ಎರಡು ಮ್ಯಾಗ್ನೆಟೋ ಒಂದೇ ಡಬ್ಬಿಯಲ್ಲಿ, ಒಂದೇ ಡ್ರೈವ್‌ನಲ್ಲಿ ತಿರುಗ್ತವೆ, ಆ ಡ್ರೈವ್ ಹೋದ್ರೆ ಎರಡೂ ಹೋದ ಹಾಗೆ. 172ಪಿಯಲ್ಲಿರೋ ಓ-320-ಡಿ2ಜೆ ಇಂಜಿನ್‌ಗೆ ಇವೆರಡೂ ತಲೆನೋವಿಲ್ಲ.

ಎಚ್2ಎಡಿಯಲ್ಲಿ ಒಂದೇ ಅನುಕೂಲ: ಲಿಫ್ಟರ್‌ಗಳನ್ನ ಕೇಸ್ ಬಿಚ್ಚದೆ ಹೊರಗಿನಿಂದಲೇ ಎಳೆದು ತೆಗೀಬಹುದು. ಹಾಗಾಗಿ ಮಾರೋರಿಗೆ ನೇರವಾಗಿ ಹೇಳಿ, ನಮ್ಮ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಬರ್ತಾರೆ, ಎರಡು ಲಿಫ್ಟರ್ ತೆಗೆದು ಮುಖ ನೋಡ್ತಾರೆ, ಆ ತೂತಿನಿಂದಲೇ ಬೋರ್‌ಸ್ಕೋಪ್ (ಒಳಗೆ ತೂರಿಸೋ ಸಣ್ಣ ಕ್ಯಾಮೆರಾ) ಬಿಟ್ಟು ಕ್ಯಾಮ್ ಲೋಬ್, ಅಂದ್ರೆ ಆ ಉಬ್ಬು, ನೋಡ್ತಾರೆ ಅಂತ. ಲಿಫ್ಟರ್ ಮುಖ ಕನ್ನಡಿ ಹಾಗೆ ನುಣುಪಾಗಿರಬೇಕು. ಸೂಜಿಮೊನೆಯಷ್ಟು ಗುಂಡಿ ಕಂಡ್ರೂ ಇಂಜಿನ್‌ಗೆ ಓವರ್‌ಹಾಲ್ ರೇಟು ಕಟ್ಟಿ ಅಷ್ಟು ಬೆಲೆ ಇಳಿಸಿ ಮಾತಾಡಿ.

ಎರಡೂ ವಿಮಾನಕ್ಕೆ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಪೂರ್ತಿ ಬಿಡಿಸಿ, ಮೇಲೆ ಮ್ಯಾಗ್ನೆಟ್ ಆಡಿಸಿ. ಅಂಟಿಕೊಳ್ಳೋ ಚೂರು ಬಂದ್ರೆ ಕ್ಯಾಮ್ ಅಥವಾ ಲಿಫ್ಟರ್ ಮೇಲೆ ಅನುಮಾನ. ಕಂಪ್ರೆಷನ್ ಟೆಸ್ಟ್ (ಸಿಲಿಂಡರ್‌ಗೆ ಒತ್ತಡದ ಗಾಳಿ ಬಿಟ್ಟು ಎಷ್ಟು ಉಳಿಯುತ್ತೆ ನೋಡೋದು) ಇಂಜಿನ್ ಬಿಸಿ ಇದ್ದಾಗಲೇ, 80 ಪಿಎಸ್‌ಐ ಕೊಟ್ಟು. 70ರ ಮೇಲಿದ್ರೆ ನೆಮ್ಮದಿ, 60ಕ್ಕಿಂತ ಇಳಿದ್ರೆ ಆ ಸಿಲಿಂಡರ್ ಬಿಚ್ಚೋ ಮಾತು. ಅಂಕಿಗಿಂತ ಗಾಳಿ ಎಲ್ಲಿಂದ ಹೋಗ್ತಿದೆ ಅನ್ನೋದು ಮುಖ್ಯ: ಸೈಲೆನ್ಸರ್ ಬಾಯಲ್ಲಿ ಸುಸ್ ಅಂದ್ರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್ ಕಡೆ ಅಂದ್ರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕೋ ಬಾಯಲ್ಲಿ ಅಂದ್ರೆ ರಿಂಗ್. ಬೋರ್‌ಸ್ಕೋಪ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ತಲೆಯ ಬಣ್ಣ ಸುತ್ತಲೂ ಒಂದೇ ತರ ಇರಬೇಕು. ಒಂದೇ ಅಂಚು ಬೇರೆ ಬಣ್ಣಕ್ಕೆ ತಿರುಗಿದ್ರೆ ಅಲ್ಲಿ ವಾಲ್ವ್ ಸುಡ್ತಾ ಇದೆ.

ಕೋಟೆನಾಡು_ರಿವೆಟ್

ಮೇಲಿನವರು ಇಂಜಿನ್ ಬಗ್ಗೆ ಬಿಡಿಸಿ ಹೇಳಿದ್ದಾರೆ. ಆದರೆ 172ಪಿ ತಗೊಂಡ್ರೆ ನಿಮ್ಮ ಚಿಂತೆ ಇಂಜಿನ್ ಅಲ್ಲ, ಮೈ. ತರಬೇತಿ ವಿಮಾನ ಅಂದ್ರೆ ಸಾವಿರಾರು ಸಲ ಹೊಸಬರ ಕೈಯಲ್ಲಿ ಇಳಿದಿರುತ್ತೆ.

ಮೊದಲು ಫೈರ್‌ವಾಲ್, ಅಂದ್ರೆ ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ. ಕೌಲಿಂಗ್ (ಇಂಜಿನ್ ಮೇಲಿನ ಮುಚ್ಚಳ) ತೆಗೆಸಿ, ಟಾರ್ಚ್ ಹಿಡಿದು ಮೂಗಿನ ಗಾಲಿ ಕೂರೋ ಜಾಗ, ಫೈರ್‌ವಾಲಿನ ಕೆಳ ಮೂಲೆಗಳು ನೋಡಿ. ತಗಡು ಸುಕ್ಕಾಗಿದ್ರೆ ಮೂಗಿನ ಮೇಲೆ ಬಿದ್ದ ವಿಮಾನ. ಲಾಗ್‌ನಲ್ಲಿ ಆ ರಿಪೇರಿ ಇಲ್ಲದಿದ್ರೆ ಅಲ್ಲೇ ಮಾತು ನಿಲ್ಲಿಸಿ. ಆಮೇಲೆ ಬಾಲ. ವಿಮಾನ ತಿರುಗಿಸೋಕೆ ಹಾರಿಜಾಂಟಲ್ ಸ್ಟೆಬಿಲೈಸರ್ (ಬಾಲದ ಅಡ್ಡ ರೆಕ್ಕೆ) ಮೇಲೆ ಕೈ ಊರಿ ಒತ್ತೋ ಕೆಟ್ಟ ಚಾಳಿ ಎಲ್ಲ ಶಾಲೆಗಳಲ್ಲೂ ಇದೆ, ಅದರಿಂದ ಮುಂದಿನ ಸ್ಪಾರ್ (ಒಳಗಿನ ಉದ್ದ ತೊಲೆ) ಬಿರುಕು ಬಿಡುತ್ತೆ. ತುದಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಾಗ ಟಕ್ ಟಕ್ ಅಂದ್ರೆ ಬಿಚ್ಚಿಸಲೇಬೇಕು.

ಸೀಟ್ ರೈಲ್ ಬಗ್ಗೆ ಸೆಸ್ನಾಗೆ ಕಡ್ಡಾಯ ಎಡಿ (ಏರ್‌ವರ್ದಿನೆಸ್ ಡೈರೆಕ್ಟಿವ್, ಸುರಕ್ಷತಾ ಆದೇಶ) ಇದೆ. ಪಿನ್ ಕೂರೋ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದ್ರೆ ಟೇಕಾಫ್ ವೇಳೆ ಮೂಗು ಎತ್ತಿದಾಗ ಸೀಟು ಹಿಂದಕ್ಕೆ ಜಾರುತ್ತೆ, ಪೈಲಟ್ ಕೈಯಲ್ಲಿರೋ ಯೋಕನ್ನೂ (ಸ್ಟೀರಿಂಗ್ ತರದ ಹಿಡಿ) ಎಳ್ಕೊಂಡು ಹೋಗ್ತಾನೆ. ಜನ ಸತ್ತಿದ್ದಾರೆ ಇದರಿಂದ. ರೈಲ್ ಹೊಸದು ಹಾಕಿಸೋದು ದೊಡ್ಡ ಖರ್ಚಲ್ಲ.

ಕಾರ್ಪೆಟ್ ಎತ್ತಿಸಿ. ರೆಕ್ಕೆ ಸ್ಟ್ರಟ್ (ರೆಕ್ಕೆಗೆ ಆಸರೆಯಾದ ಓರೆ ಕಂಬ) ಸೇರೋ ಬಾಗಿಲ ಕಂಬದ ಬುಡದಲ್ಲಿ ಬಿರುಕು, ತುಕ್ಕು ಹುಡುಕಿ. ಕರಾವಳಿಯ 172ಎನ್‌ಗೆ ಇದು ಇನ್ನೂ ಮುಖ್ಯ, ಹೊಸ ಪೇಂಟ್ ಕೆಳಗೆ ಬೆಂಡೆದ್ದ ಅಲ್ಯುಮಿನಿಯಂ ಮುಚ್ಚಿ ಹೋಗಿರುತ್ತೆ. ರಿವೆಟ್ ಸುತ್ತ ಕಪ್ಪು ಹೊಗೆ ತರದ ಗೆರೆ ಇದ್ರೆ ಆ ರಿವೆಟ್ ಸಡಿಲ. ಫ್ಲಾಪ್ ಪೂರ್ತಿ ಇಳಿಸಿ ರೋಲರ್, ಟ್ರ್ಯಾಕ್ ಸವೆತ ನೋಡಿ. ಇಷ್ಟಾದ ಮೇಲೆ ಹಳೆ ವಿಮಾನಗಳಿಗೆ ಸೆಸ್ನಾ ಹೇಳೋ ಹೆಚ್ಚುವರಿ ತಪಾಸಣೆ, ಅಂದ್ರೆ ಎಸ್‌ಐಡಿ, ಯಾವ್ಯಾವುದು ಆಗಿದೆ ಅಂತ ಪಟ್ಟಿ ಕೇಳಿ. ಅದು ಬಾಕಿ ಇರೋ ವಿಮಾನ ಅಗ್ಗವಾಗಿ ಕಂಡ್ರೂ ಅಗ್ಗ ಅಲ್ಲ.

ಹಾರಿಸಿ ನೋಡೋ ಮುಂಚೆ ನೆಲದ ಮೇಲೇ 1,700 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೋಗೆ ತಿರುಗಿಸಿ: ಇಳಿತ 125 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು.

ಫೈಲ್‌ಗುಮಾಸ್ತ

ಕಾಗದ ಪತ್ರದ ವಿಚಾರ ಚಿಕ್ಕದಾಗಿ. ನೋಂದಣಿ ಪತ್ರದಲ್ಲಿ ಬ್ಯಾಂಕ್ ಅಡಮಾನ ಇದೆಯಾ, ಎಆರ್‌ಸಿ (ಹಾರಾಟ ಯೋಗ್ಯತೆ ಪರಿಶೀಲನಾ ಪತ್ರ) ಚಾಲ್ತಿಯಲ್ಲಿದೆಯಾ, ಕೊನೆಯ ತೂಕದ ವರದಿ ಯಾವ ವರ್ಷದ್ದು. ಏರ್‌ಫ್ರೇಮ್, ಇಂಜಿನ್, ಪ್ರೊಪೆಲ್ಲರ್ ಲಾಗ್ ಮೂರೂ ಮೊದಲ ದಿನದಿಂದ ಇರಬೇಕು. ಒಂದು ಬುಕ್ ಕಳೆದಿದೆ ಅಂದ್ರೆ ಆ ಅವಧಿಯ ಅಪಘಾತವೂ ಅದರ ಜೊತೆ ಕಳೆದಿರಬಹುದು. 172ಪಿ ಶಾಲೆಯ ವಿಮಾನವಾದ್ರಿಂದ ಪ್ರೈವೇಟ್ ಬಳಕೆಗೆ ಬದಲಾಯಿಸೋ ಅರ್ಜಿ ಯಾರ ಖರ್ಚಲ್ಲಿ ಅಂತ ಕರಾರಿನಲ್ಲೇ ಬರೆಸಿ. ಪ್ರೈವೇಟ್ ಆದ ಮೇಲೆ ಬಾಡಿಗೆಗೆ ಬಿಡೋ ಹಾಗಿಲ್ಲ.

ಅಮೆರಿಕದಿಂದ ತರಿಸೋ ಯೋಚನೆ ಬಿಡಿ. ಆಮದಾಗೋ ಹಳೆ ವಿಮಾನದ ವಯಸ್ಸನ್ನ ಡಿಜಿಸಿಎ (ವಿಮಾನಯಾನ ನಿಯಂತ್ರಣ ಇಲಾಖೆ) ನೋಡುತ್ತೆ, ನಲವತ್ತು ವರ್ಷದ್ದನ್ನ ಒಪ್ಪಿಸೋದು ಕಷ್ಟ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ 28ರಿಂದ 40 ಪರ್ಸೆಂಟ್‌ಗೆ ಏರಿದೆ.

ಜೋಗಿಮಟ್ಟಿ_ಗಾಳಿ

ಜಗಳೂರು ಹೊಲದ ಬಗ್ಗೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, 2017ರಿಂದ ನಡೀತಿದೆ. ಡ್ರೋನ್ ಪರೀಕ್ಷೆ ಅಲ್ಲೇ, ಇಸ್ರೋದ ಪುಷ್ಪಕ್ ಇಳಿದಿದ್ದೂ ಅಲ್ಲೇ. ಅದರ ಪಕ್ಕದಲ್ಲಿ ಖಾಸಗಿ ಸ್ಟ್ರಿಪ್‌ಗೆ ರಕ್ಷಣಾ ಇಲಾಖೆ ಒಪ್ಪಿಗೆ ಬೇಕು, ಡಿಜಿಸಿಎ ಬೇಕು, ಭೂ ಪರಿವರ್ತನೆ ಬೇಕು. ಸುತ್ತ ಗಾಳಿಯಂತ್ರಗಳು, ಹೈಟೆನ್ಷನ್ ಲೈನ್. ಎರೆ ಮಣ್ಣಾದ್ರೆ ಮಳೆಗಾಲದಲ್ಲಿ ಮೂಗಿನ ಗಾಲಿ ಹೂತುಹೋಗುತ್ತೆ. ವಿಮಾನ ತಗೊಳ್ಳೋಕೆ ಇದನ್ನ ಕಾಯ್ತಾ ಕೂರಬೇಡಿ.

ದಾವಣಗೆರೆಗೆ ಹತ್ತಿರ ಅಂದ್ರೆ ಶಿವಮೊಗ್ಗದ ಸೋಗಾನೆ, ಆಮೇಲೆ ಹುಬ್ಬಳ್ಳಿ, ದೂರ ಅಂದ್ರೆ ಬೆಂಗಳೂರಿನ ಜಕ್ಕೂರು. ಸೋಗಾನೆಯ ರನ್‌ವೇ 3,200 ಮೀಟರ್, 172ಕ್ಕೆ ಅದು ಬಯಲು. ಆದರೆ ವಿಮಾನ ಕೊಳ್ಳೋ ಮುಂಚೆ ಎರಡು ವಿಷಯ ಬರವಣಿಗೆಯಲ್ಲಿ ತಗೊಳ್ಳಿ: ಮುಚ್ಚಿದ ಹ್ಯಾಂಗರ್ ಜಾಗ ಸಿಗುತ್ತಾ, ಆವ್‌ಗ್ಯಾಸ್ 100ಎಲ್‌ಎಲ್ (ಈ ಇಂಜಿನ್ ಕುಡಿಯೋ ವಿಮಾನ ಪೆಟ್ರೋಲ್) ಸಿಗುತ್ತಾ. ಏರ್‌ಲೈನ್ ಬರೋ ಕಡೆ ಎಟಿಎಫ್ (ಜೆಟ್ ಇಂಧನ) ಇರುತ್ತೆ, ಅದು ಈ ಇಂಜಿನ್‌ಗೆ ಆಗಲ್ಲ. ಆವ್‌ಗ್ಯಾಸ್ 2022ರಿಂದ ಇಂಡಿಯನ್ ಆಯಿಲ್ ವಡೋದರದಲ್ಲೇ ತಯಾರಿಸ್ತಿದೆ, ಆದರೂ ಎಲ್ಲ ಕಡೆ ಪಂಪ್ ಇಲ್ಲ. ಗಂಟೆಗೆ ಸುಮಾರು 30 ಲೀಟರ್ ಕುಡಿಯೋ ಗಾಡಿ, ಬರೀ ಪೆಟ್ರೋಲಿಗೋಸ್ಕರ ಜಕ್ಕೂರಿಗೆ ಹಾರೋ ಪರಿಸ್ಥಿತಿ ಬರಬಾರದು. ಮಲೆನಾಡಿನ ಮಳೆಯಲ್ಲಿ ಹೊರಗೆ ನಿಲ್ಲಿಸಿದ್ರೆ ಮೇಲಿನವರು ಹೇಳಿದ ಕ್ಯಾಮ್ ತುಕ್ಕು ನಿಮ್ಮ ಮನೆಗೇ ಬಂತು ಅನ್ಕೊಳ್ಳಿ.

ಬೇಸಿಗೆ ಲೆಕ್ಕವನ್ನೂ ಮಾಡಿ. ಜಕ್ಕೂರು ಸುಮಾರು 3,000 ಅಡಿ ಎತ್ತರ. 35 ಡಿಗ್ರಿ ಸೆಖೆಯಲ್ಲಿ ಅಲ್ಲಿನ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ತೆಳುವಾಗಿ ವಿಮಾನಕ್ಕೆ ಅನಿಸೋ ಎತ್ತರ) ಸುಮಾರು 6,000 ಅಡಿ ಆಗುತ್ತೆ, ಅಲ್ಲಿನ ರನ್‌ವೇ ಚಿಕ್ಕದು. 172ಪಿಯ ಗರಿಷ್ಠ ತೂಕ 1,089 ಕೆಜಿ. ಖಾಲಿ ತೂಕ 680 ಇದ್ರೆ ಉಳಿಯೋದು 409, ಫುಲ್ ಟ್ಯಾಂಕ್ ಪೆಟ್ರೋಲ್ 109 ಕೆಜಿ ತೆಗೆದ್ರೆ 300. ಅಂದ್ರೆ 75 ಕೆಜಿಯ ನಾಲ್ಕು ಜನ, ಒಂದು ಬ್ಯಾಗೂ ಇಲ್ಲ. ಆ ಸೆಖೆಯಲ್ಲಿ ಅಷ್ಟು ತುಂಬಿಕೊಂಡು ಹೊರಡಬೇಡಿ. 172ಎನ್‌ನ ಗರಿಷ್ಠ 1,043, ಅದರಲ್ಲಿ ಇನ್ನೂ 46 ಕೆಜಿ ಕಮ್ಮಿ.

ಅಡಿಕೆಮಂಡಿ_ದಾವಣಗೆರೆ

ಎಲ್ಲರಿಗೂ ಧನ್ಯವಾದ. 172ಎನ್‌ನವರಿಗೆ ಫೋನ್ ಮಾಡಿದ್ದೆ. ಲಿಫ್ಟರ್ ತೆಗೆಯೋಕೆ ಬಿಡಲ್ಲ ಅಂದ್ರು. ನಾಲ್ಕೂ ಸಿಲಿಂಡರ್ 74ರ ಮೇಲಿದೆ, ಇನ್ನೇನು ಬೇಕು ಅಂತ ಕೇಳ್ತಾರೆ.

ಹ್ಯಾಂಗರ್‌ಮೂಲೆ

ಕಂಪ್ರೆಷನ್ ಟೆಸ್ಟ್ ಮಾಡುವಾಗ ಎರಡೂ ವಾಲ್ವ್ ಮುಚ್ಚಿರ್ತವೆ. ಕ್ಯಾಮ್ ಅರ್ಧ ಸವೆದಿದ್ರೂ 74 ಬರುತ್ತೆ ಸರ್, ಆ ಅಂಕಿ ರಿಂಗ್, ವಾಲ್ವ್ ಬಗ್ಗೆ ಮಾತ್ರ ಹೇಳೋದು. ಲಿಫ್ಟರ್ ಬೇಡ ಅಂದ್ರೆ ರಾಕರ್ ಕವರ್ ತೆಗೆಸಿ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ಒಂದೊಂದು ವಾಲ್ವ್ ಎಷ್ಟು ಏಳುತ್ತೆ ಅಂತ ಡಯಲ್ ಗೇಜ್ ಇಟ್ಟು ಅಳೆಯೋಕೆ ಕೇಳಿ. ಮೊದಲು ಮ್ಯಾಗ್ನೆಟೋ ಆಫ್ ಮಾಡಿ, ಮೇಲಿನ ಸ್ಪಾರ್ಕ್ ಪ್ಲಗ್‌ಗಳನ್ನ ತೆಗೆದಿಡಲಿ. ಒಂದು ವಾಲ್ವ್ ಉಳಿದವುಗಳಿಗಿಂತ ಕಡಿಮೆ ಎದ್ರೆ ಆ ಲೋಬ್ ತಿಂದಿದೆ ಅಂತ ಗೊತ್ತಾಗುತ್ತೆ. ಅದಕ್ಕೂ ಒಪ್ಪದಿದ್ರೆ 172ಪಿ ಕಡೆ ತಿರುಗಿ. 1,350 ಗಂಟೆ ಆಗಿದ್ರೂ ಅದು ಬಿಡದೆ ಹಾರಿದ ಇಂಜಿನ್, 650 ಗಂಟೆ ಬಾಕಿ ಇದೆ. ವರ್ಷಕ್ಕೆ ನೂರು ಗಂಟೆ ಹಾರಿದ್ರೂ ಆರು ವರ್ಷ ಬರುತ್ತೆ, 12 ವರ್ಷದ ಗಡುವೂ 2032ಕ್ಕೆ. ಎರಡೂ ಒಟ್ಟೊಟ್ಟಿಗೆ ಮುಗೀತವೆ. ಪ್ರತಿ ಗಂಟೆಗೆ ಇಷ್ಟು ಅಂತ ಓವರ್‌ಹಾಲ್ ದುಡ್ಡು ಇಬ್ಬರೂ ಮೊದಲ ದಿನದಿಂದಲೇ ಬೇರೆ ಅಕೌಂಟ್‌ನಲ್ಲಿ ಇಡಿ.

ಕೋಟೆನಾಡು_ರಿವೆಟ್

ಸೋಗಾನೆಯಲ್ಲಿ ನಿಲ್ಲಿಸೋದಾದ್ರೆ ಪಿಟೋ (ವೇಗ ಅಳೆಯೋ ಕೊಳವೆ) ಕವರ್ ಜೊತೆಗೆ ಎಡ ಸ್ಟ್ರಟ್ ಹಿಂದಿರೋ ಟ್ಯಾಂಕ್ ವೆಂಟ್ ಪೈಪಿಗೂ ಒಂದು ಕೆಂಪು ರಿಬ್ಬನ್ ಕಟ್ಟಿದ ಪ್ಲಗ್ ಮಾಡಿಸಿ. ಕುಂಬಾರ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟಿದ್ರೆ ಗಾಳಿ ಒಳಗೆ ಹೋಗಲ್ಲ, ಹಾರುವಾಗ ಪೆಟ್ರೋಲ್ ಇಳಿಯೋದು ನಿಧಾನ ಆಗಿ ಇಂಜಿನ್ ನಿಲ್ಲಬಹುದು.