ದವಡೆಗೆ ಕಾಲಿನ ಮೂಳೆ ಯಾಕೆ? ಬರೀ ಟೈಟಾನಿಯಂ ಸಾಲದಾ?

ತಮ್ಮನ_ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 26 ವರ್ಷ. ಎಡಗಡೆ ಕೆಳದವಡೆ ಊದಿಕೊಂಡಿತ್ತು, ಹಲ್ಲಿನದ್ದೇ ಇರಬೇಕು ಅಂತ ಸುಮ್ನೆ ಬಿಟ್ಟಿದ್ದೆವು. ಬಯಾಪ್ಸಿಯಲ್ಲಿ ಅಮೆಲೋಬ್ಲಾಸ್ಟೋಮಾ ಅಂತ ಬಂದಿದೆ, ದವಡೆಯಲ್ಲಿ ಬೆಳೆಯುವ ಒಂದು ಗಡ್ಡೆ. ಕ್ಯಾನ್ಸರ್ ಅಲ್ಲವಂತೆ, ಆದರೂ ಆ ಭಾಗದ ದವಡೆ ಕತ್ತರಿಸಿ ಕಾಲಿನ ಮೂಳೆ ಕೂರಿಸಬೇಕು ಅನ್ನುತ್ತಾರೆ. ಟೈಟಾನಿಯಂ ದವಡೆಯನ್ನೇ 3D ಪ್ರಿಂಟ್ ಮಾಡಿ ಹಾಕುತ್ತಾರೆ ಅಂತ ಓದಿದ್ದೆ. ಅದಿರುವಾಗ ಚೆನ್ನಾಗಿರುವ ಕಾಲಿಗೆ ಯಾಕೆ ಕೈ ಹಾಕಬೇಕು? ಅವನು ದಿನವಿಡೀ ನಿಂತು ಕೆಲಸ ಮಾಡುವವನು.

ದವಡೆ_ಡಾಕ್ಟರ್:
ನೀವು ಓದಿದ್ದು ನಿಜ ಮೇಡಂ. 2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ 83 ವರ್ಷದ ಅಜ್ಜಿಗೆ ಇಡೀ ಕೆಳದವಡೆಯನ್ನೇ ಟೈಟಾನಿಯಂ ಪುಡಿಯಿಂದ ಪ್ರಿಂಟ್ ಮಾಡಿ ಕೂರಿಸಿದ್ದರು, ತೂಕ 107 ಗ್ರಾಂ. ಆ ವಯಸ್ಸಿಗೆ ತುಂಬಾ ಹೊತ್ತಿನ ಆಪರೇಷನ್ ಬೇಡ ಅಂತ ಹಾಗೆ ಮಾಡಿದ್ದು. ನಿಮ್ಮ ತಮ್ಮ ಇನ್ನೂ ಐವತ್ತು ವರ್ಷ ಅಗಿದು ತಿನ್ನಬೇಕಲ್ವಾ? ಬರೀ ಲೋಹ ಇದ್ದರೆ ಸ್ಕ್ರೂ ಸಡಿಲವಾಗಬಹುದು, ಪ್ಲೇಟ್ ಮುರಿಯಬಹುದು, ಚರ್ಮ ಸವೆದು ಹೊರಗೇ ಕಾಣಬಹುದು. ಕಾಲಿನ ಸಣ್ಣ ಮೂಳೆ ಫಿಬುಲಾವನ್ನು ರಕ್ತನಾಳದ ಸಮೇತ ತೆಗೆದು, ಆ ನಾಳವನ್ನು ಮೈಕ್ರೋಸ್ಕೋಪ್ ಕೆಳಗೆ ಕುತ್ತಿಗೆಯ ನಾಳಕ್ಕೆ ಹೊಲಿಯುತ್ತಾರೆ. ಜೀವ ಇರುವ ಮೂಳೆ ಅದು, ದವಡೆಗೆ ಬೆಸೆದುಕೊಳ್ಳುತ್ತದೆ, ಆಮೇಲೆ ಅದರಲ್ಲೇ ಹಲ್ಲಿನ ಇಂಪ್ಲಾಂಟ್ ನಿಲ್ಲಿಸಬಹುದು. ಟೈಟಾನಿಯಂ ಇಲ್ಲೂ ಇರುತ್ತದೆ. ಸಿಟಿ ಸ್ಕ್ಯಾನ್ ನೋಡಿ ಅವನ ದವಡೆಯ ಅಳತೆಗೇ ಪ್ಲೇಟ್ ಮಾಡಿಸಬಹುದು.

ಮೈಭಾರ ಹೊರುವುದು ಪಕ್ಕದ ದಪ್ಪ ಮೂಳೆ. ಫಿಬುಲಾವನ್ನೂ ಪೂರ್ತಿ ತೆಗೆಯುವುದಿಲ್ಲ, ಮಂಡಿ ಹತ್ತಿರ ಮತ್ತು ಕಣಕಾಲಿನ ಹತ್ತಿರ ಆರೇಳು ಸೆಂ.ಮೀ. ಬಿಡುತ್ತಾರೆ. ಕೆಲವರಿಗೆ ಪಾದಕ್ಕೆ ರಕ್ತ ಹೋಗುವುದೇ ಮೂಳೆ ಜೊತೆ ತೆಗೆಯುವ ಆ ನಾಳದಿಂದ, ಹಾಗಾಗಿ ಮೊದಲೇ ಕಾಲಿನ ಆಂಜಿಯೋ, ಅಂದರೆ ರಕ್ತನಾಳಗಳ ಸ್ಕ್ಯಾನ್, ನೋಡಲೇಬೇಕು. ಇನ್ನೊಂದು ಮಾತು, ಗಡ್ಡೆ ಮಾತ್ರ ಕೆರೆದು ತೆಗೆಯಿರಿ ಅಂತ ಒತ್ತಾಯಿಸಬೇಡಿ. ಈ ಗಡ್ಡೆ ಹಾಗೆ ಮಾಡಿದರೆ ಮತ್ತೆ ಬರುವುದು ಜಾಸ್ತಿ.

ರೊಟ್ಟಿ_ಪ್ರಿಯ:
ಅಕ್ಕಾ, ನನಗೂ ಇದೇ ಆಪರೇಷನ್ ಆಗಿ ಐದು ವರ್ಷ ಆಯಿತು. ಮೊದಲ ಎರಡು ರಾತ್ರಿ ಗಂಟೆಗೊಮ್ಮೆ ಸಿಸ್ಟರ್ ಬಂದು ಟಾರ್ಚ್ ಬಿಟ್ಟು ಮೂಳೆ ಜೊತೆ ಕಾಲಿಂದ ತಂದು ಬಾಯೊಳಗೆ ಹೊಲಿದ ಚರ್ಮದ ತೇಪೆಯ ಬಣ್ಣ ನೋಡುತ್ತಿದ್ದರು, ಕಪ್ಪಾದರೆ ರಕ್ತ ನಿಂತಿದೆ ಅಂತ ಅರ್ಥ. ಹತ್ತು ದಿನ ಮೂಗಿನ ಪೈಪಲ್ಲೇ ಊಟ. ಆಮೇಲೆ ಗಂಜಿ, ಆಮೇಲೆ ಮುದ್ದೆ. ಮುದ್ದೆ ಅಗಿಯುವ ಹಾಗಿಲ್ಲವಲ್ಲ, ಸಾರಲ್ಲಿ ಅದ್ದಿ ನುಂಗಿದೆ, ಕಣ್ಣಲ್ಲಿ ನೀರು ಬಂತು. ಹಲ್ಲು ಕೂರಿಸಿದ್ದು ವರ್ಷದ ಮೇಲೆ. ಕಾಲಿನ ಹೆಬ್ಬೆರಳು ಮಡಚೋಕೆ ಈಗಲೂ ಬಲ ಕಡಿಮೆ, ಹವಾಯಿ ಚಪ್ಪಲಿ ಜಾರುತ್ತದೆ, ಅದಕ್ಕೆ ಹಿಂದೆ ಪಟ್ಟಿ ಇರುವುದನ್ನೇ ಹಾಕುತ್ತೇನೆ. ನಾನೂ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವವನು.

ತಮ್ಮನ_ಅಕ್ಕ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ತಮ್ಮನಿಗೆ ಓದಿ ಹೇಳಿದೆ. ಸೋಮವಾರ ಕಾಲಿನ ಆಂಜಿಯೋ ಇದೆ, ಹಲ್ಲು ಯಾವಾಗ ಕೂರಿಸುತ್ತಾರೆ ಅಂತ ಅಲ್ಲೇ ಕೇಳುತ್ತೇವೆ.