ಸಹಾಯ ಬೇಕು: ಫೋರ್ಡ್ ಫ್ಲಾಟ್‌ಹೆಡ್ ವಿ8 ಬ್ಲಾಕ್, ಲಾಸ್ ಏಂಜಲೀಸ್ ಸುತ್ತಮುತ್ತ

ಎಲ್ಲರಿಗೂ ನಮಸ್ಕಾರ. ಈ ಕಡೆ ಹಳೇ ಕಾರಿನ ಹುಚ್ಚು ಇರುವವರು ಸ್ವಲ್ಪ ನೋಡಿ.

ನನ್ನ ಹತ್ತಿರ 1934ರ ಫೋರ್ಡ್ ಕೂಪೆ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರು) ಇದೆ. ಅದರಲ್ಲಿರುವುದು 59ಎಬಿ ಅನ್ನುವ ಫ್ಲಾಟ್‌ಹೆಡ್ ಎಂಜಿನ್, ಅಂದರೆ ವಾಲ್ವ್‌ಗಳು ಬ್ಲಾಕಿನಲ್ಲೇ (ಎಂಜಿನ್‌ನ ಎರಕದ ಒಡಲಿನಲ್ಲೇ) ಇರುವ ಮಾದರಿ. 1946–48ರ ಕಾಲದ್ದು, 239 ಕ್ಯೂಬಿಕ್ ಇಂಚು. ಸ್ವಲ್ಪ ದೂರ ಓಡಿಸಿದರೆ ಸಾಕು, ರೇಡಿಯೇಟರ್ ಕುದಿಯುತ್ತದೆ. ಒಂದು ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿ ನೋಡಿದೆ. ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಕೂದಲೆಳೆಯಂಥ ಬಿರುಕು. ಉಳಿದ ಪಿಸ್ಟನ್‌ಗಳ ತಲೆ ಮೇಲೆ ಮಸಿ ಕಟ್ಟಿದೆ, ಬಿರುಕಿರುವ ಸಿಲಿಂಡರಿನದು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದೆ. ನೀರು ಒಳಗೆ ಇಳಿಯುತ್ತಿದೆ ಅಂತ ಬೇರೆ ಹೇಳಬೇಕಾ!

ಫ್ಲಾಟ್‌ಹೆಡ್‌ಗೆ ಇದು ಹಳೇ ಕಾಯಿಲೆ ಬಿಡಿ. ಎಕ್ಸಾಸ್ಟ್ ಹೊಗೆ ಬ್ಲಾಕಿನ ಒಳಗಿಂದಲೇ ಹಾದು ಹೊರಗೆ ಬರುತ್ತದಲ್ವಾ, ಬಿಸಿ ಜಾಸ್ತಿ.

ಬೀಡು ಕಬ್ಬಿಣದ ಬಿರುಕಿಗೆ ಪಿನ್ ಹಾಕಿ ಹೊಲಿಯುವ ಒಳ್ಳೆ ಮೆಷಿನ್ ಶಾಪ್ ಯಾರಿಗಾದರೂ ಗೊತ್ತಾ? ವೆಲ್ಡಿಂಗ್ ಮಾಡಿಸಲು ಧೈರ್ಯವಿಲ್ಲ, ಪಕ್ಕದಲ್ಲೇ ಇನ್ನೊಂದು ಬಿರುಕು ಬಿಟ್ಟರೆ ಕಥೆ ಮುಗಿಯಿತು. ಇಲ್ಲವಾದರೆ ಇನ್ನೊಂದು 59ಎಬಿ ಬ್ಲಾಕ್ ಆದರೂ ಸರಿ. ಮ್ಯಾಗ್ನಾಫ್ಲಕ್ಸ್ ಪರೀಕ್ಷೆ (ಕಾಂತದಿಂದ ಬಿರುಕು ಪತ್ತೆ ಹಚ್ಚುವುದು) ಆಗಿರಬೇಕು. ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದ್ದರೆ ಪರವಾಗಿಲ್ಲ. 1949ರಿಂದ ಬಂದ 8ಬಿಎ ಮಾದರಿ ಬೇಡ. ಅದರ ಬೆಲ್ ಹೌಸಿಂಗ್ (ಗೇರ್‌ಬಾಕ್ಸ್ ಜೋಡಿಸುವ ಭಾಗ) ಬೇರೆ, ಡಿಸ್ಟ್ರಿಬ್ಯೂಟರ್ ಬೇರೆ, ನನ್ನ ಗೇರ್‌ಬಾಕ್ಸ್‌ಗೆ ಹೊಂದಿಸುವುದು ತಲೆನೋವು.

"ಚೆವಿ (ಷೆವರ್ಲೆ) ಎಂಜಿನ್ ಹಾಕಿ ಸುಮ್ನಿರಿ" ಅನ್ನುವವರಿಗೆ ದೂರದಿಂದಲೇ ನಮಸ್ಕಾರ. ಪೊಮೋನಾ ಸ್ವಾಪ್ ಮೀಟ್‌ಗೆ (ಹಳೇ ಕಾರು, ಬಿಡಿಭಾಗಗಳ ಸಂತೆ) ಹೋಗುವವರಿದ್ದರೆ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ. ಬ್ಲಾಕ್ ಎತ್ತಲು ಇನ್ನೊಬ್ಬರು ಬೇಕೇ ಬೇಕು.